ಫ್ಯಾನ್ ಗೇಮ್‌ಗೆ ಸಿದ್ಧ ಉಪಕರಣವೋ, ಸ್ವಂತ ಎಂಜಿನ್ನೋ?

ಪ್ರೀತಿಯ ವಿಡಿಯೋ ಆಟವೊಂದಕ್ಕೆ ತಮ್ಮದೇ ಒಂದು ಅಧ್ಯಾಯ ಸೇರಿಸಲು, ಅಂದರೆ ಫ್ಯಾನ್ ಗೇಮ್ ಮಾಡಲು ಹೊರಟವರು ಮೊದಲ ವಾರದಲ್ಲೇ ಕವಲು ದಾರಿಗೆ ಬಂದು ನಿಲ್ಲುತ್ತಾರೆ. ಆರ್‌ಪಿಜಿ ಮೇಕರ್‌ನಂಥ ಸಿದ್ಧ ಉಪಕರಣ ಹಿಡಿಯಲೇ? ಗೊಡಾಟ್‌ನಂಥ ಎಂಜಿನ್, ಅಂದರೆ ಆಟವನ್ನು ಓಡಿಸುವ ತಂತ್ರಾಂಶ, ಕಲಿಯಲೇ? ಯಾರ ಹಂಗೂ ಬೇಡವೆಂದು ಎಂಜಿನ್ನನ್ನೇ ಬರೆದುಬಿಡಲೇ? ಒಬ್ಬರನ್ನು ಕೇಳಿದರೆ ಒಂದು ಹೇಳುತ್ತಾರೆ, ಇನ್ನೊಬ್ಬರು ಅದನ್ನೇ ಅಲ್ಲಗಳೆಯುತ್ತಾರೆ. ಹೀಗೆ ಕೇಳುತ್ತಲೇ ಆರು ತಿಂಗಳು ಕಳೆದವರನ್ನು ನಾನು ಬಲ್ಲೆ. ತಪ್ಪು ಆಯ್ಕೆಯಿಂದ ಎರಡು ವರ್ಷದ ಶ್ರಮ ಮಣ್ಣುಪಾಲಾದೀತೆಂಬ ಅವರ ಭಯ ಸುಳ್ಳಲ್ಲ. ಫ್ಯಾನ್ ಗೇಮ್‌ಗೆ ಸಂಬಳವಿಲ್ಲ. ಓದು, ಉದ್ಯೋಗ, ಮನೆ ಎಲ್ಲ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ಅದು ಹುಟ್ಟಬೇಕು.

ಆದ್ದರಿಂದ ಉಪಕರಣಗಳ ಹೆಸರಿಗೆ ಹೋಗುವ ಮುನ್ನ ಯಾವುದನ್ನು ಹಿಡಿದು ಅಳೆಯಬೇಕೆಂದು ನೋಡಿಕೊಳ್ಳೋಣ.

ಯಾವುದರಿಂದ ಅಳೆಯಬೇಕು?

ಎಲ್ಲಕ್ಕಿಂತ ಮೊದಲ ಪ್ರಶ್ನೆ: ಮೂಲ ಆಟದ ಯಾವ ಗುಣ ನಿಮ್ಮನ್ನು ಹಿಡಿದಿಟ್ಟಿತು? ಅದರ ಲೋಕ, ಪಾತ್ರಗಳು, ಮಾತುಗಳೇ? ಅಥವಾ ಗುಂಡಿ ಒತ್ತಿದಾಗ ಬೆರಳಿಗೆ ಸಿಗುತ್ತಿದ್ದ ಅನುಭವವೇ? ಕಥೆಯನ್ನು ಪ್ರೀತಿಸಿದವರಿಗೂ ಜಿಗಿತವನ್ನು ಪ್ರೀತಿಸಿದವರಿಗೂ ಒಂದೇ ಉಪಕರಣ ಒಗ್ಗುವುದಿಲ್ಲ.

ಬೆರಳಿನ ಅನುಭವ ಎಂದರೇನೆಂದು ಒಂದು ಉದಾಹರಣೆಯಲ್ಲಿ ನೋಡಿ. ಸೆಗಾ ಕಂಪನಿಯ ಮೆಗಾ ಡ್ರೈವ್ ಎಂಬ ಹಳೆಯ ಕನ್ಸೋಲ್‌ನ ಸೋನಿಕ್ ಆಟಗಳಲ್ಲಿ ಪಾತ್ರ ಸಮನೆಲದಲ್ಲಿ ಓಡತೊಡಗಿದರೆ ಪ್ರತಿ ಫ್ರೇಮ್‌ಗೆ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೆ) ಅದರ ವೇಗ 0.046875 ಪಿಕ್ಸೆಲ್‌ನಷ್ಟು ಏರುತ್ತದೆ. ಒಂದು ಪಿಕ್ಸೆಲನ್ನು 256 ಭಾಗ ಮಾಡಿ ಅದರಲ್ಲಿ 12 ಭಾಗ ತೆಗೆದುಕೊಂಡರೆ ಸಿಗುವ ಸಂಖ್ಯೆ ಅದು. ಸ್ವಂತ ಬಲದಿಂದ ಮುಟ್ಟಬಹುದಾದ ಗರಿಷ್ಠ ವೇಗ ಫ್ರೇಮ್‌ಗೆ 6 ಪಿಕ್ಸೆಲ್. ಭಾಗಿಸಿದರೆ 128 ಫ್ರೇಮ್ ಬರುತ್ತದೆ. ಸೆಕೆಂಡಿಗೆ 60 ಫ್ರೇಮ್‌ನ ಲೆಕ್ಕದಲ್ಲಿ ಎರಡು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು. ಜಿಗಿದಾಗ ಆರಂಭದ ವೇಗ 6.5, ಗುಂಡಿಯನ್ನು ಬೇಗ ಬಿಟ್ಟರೆ ಮೇಲೇರುವ ವೇಗ ಒಮ್ಮೆಲೇ 4ಕ್ಕೆ ಇಳಿಯುತ್ತದೆ. ಚಿಕ್ಕ ಜಿಗಿತ, ದೊಡ್ಡ ಜಿಗಿತ ಎರಡೂ ಹುಟ್ಟುವುದು ಈ ಒಂದೇ ನಿಯಮದಿಂದ. ಇಂಥ ಸಂಖ್ಯೆಗಳನ್ನು ಅಭಿಮಾನಿಗಳು ಮೂಲ ಆಟವನ್ನು ಬಗೆದು ನೋಡಿ ಪಟ್ಟಿ ಮಾಡಿಟ್ಟಿದ್ದಾರೆ. ಇವುಗಳಲ್ಲಿ ಒಂದನ್ನು ಬದಲಿಸಿದರೂ ಆ ಆಟವನ್ನು ಆಡಿ ಬೆಳೆದವರಿಗೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ, ಏನು ತಪ್ಪಿದೆಯೆಂದು ಹೇಳಲು ಬಾರದಿದ್ದರೂ.

ಎರಡನೆಯ ಪ್ರಶ್ನೆ ಹೊತ್ತಿನದು. ವಾರಕ್ಕೆ ಎಷ್ಟು ಗಂಟೆ, ಎಷ್ಟು ತಿಂಗಳು? ಆಸೆಯನ್ನು ಬದಿಗಿಟ್ಟು ಕಳೆದ ತಿಂಗಳು ನಿಜವಾಗಿ ಎಷ್ಟು ಗಂಟೆ ಕುಳಿತಿರೆಂದು ಎಣಿಸಿ. ಮೂರನೆಯದು ಜೊತೆಗಾರರು: ಚಿತ್ರ ಬರೆಯುವವರು, ನಕ್ಷೆ ಹಾಕುವವರು, ಸಂಭಾಷಣೆ ಬರೆಯುವವರು ಕೋಡ್ ಮುಟ್ಟದೆ ಕೆಲಸ ಮಾಡಬಲ್ಲರೇ? ನಾಲ್ಕನೆಯದು ಆಟ ಎಲ್ಲಿ ಓಡಬೇಕು ಎಂಬುದು. ಕಂಪ್ಯೂಟರ್ ಮಾತ್ರವೇ, ಮೊಬೈಲಿನಲ್ಲೂ, ಬ್ರೌಸರಿನಲ್ಲೂ ಬೇಕೇ? ಐದನೆಯದು ಬಾಳಿಕೆ ಮತ್ತು ಪರವಾನಗಿ. ನೀವು ಅವಲಂಬಿಸಿದ ಕಂಪನಿ ನಾಳೆ ನಿಯಮ ಬದಲಿಸಿದರೆ, ಅಂಗಡಿ ಮುಚ್ಚಿದರೆ ಆಟದ ಗತಿಯೇನು?

ಹಣವನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಈಗ ಅದು ಅಷ್ಟು ದೊಡ್ಡ ಅಡ್ಡಿಯಲ್ಲ. ಗೊಡಾಟ್ ಎಂಐಟಿ ಎಂಬ ಮುಕ್ತ ಪರವಾನಗಿಯಡಿ ಸಂಪೂರ್ಣ ಉಚಿತ. ಗೇಮ್‌ಮೇಕರ್ ಎಂಬ ಇನ್ನೊಂದು ಎಂಜಿನ್ 2023ರ ಕೊನೆಯಿಂದ ವಾಣಿಜ್ಯೇತರ ಬಳಕೆಗೆ ಉಚಿತ. ಹಕ್ಕುದಾರರ ಒಪ್ಪಿಗೆಯಿಲ್ಲದೆ ಫ್ಯಾನ್ ಗೇಮ್ ಅನ್ನು ಮಾರುವಂತಿಲ್ಲವಾದ್ದರಿಂದ ಬಹುಪಾಲು ಎಂಜಿನ್‌ಗಳ ಉಚಿತ ಶ್ರೇಣಿಯೇ ನಿಮಗೆ ಸಾಕು. ಆರ್‌ಪಿಜಿ ಮೇಕರ್‌ಗೆ ಹಣ ಕೊಡಬೇಕು, ಒಂದೇ ಸಲ.

ಒಂದು ಬಗೆಯ ಆಟಕ್ಕೆಂದೇ ಹುಟ್ಟಿದ ಉಪಕರಣಗಳು

ಮೊದಲ ಗುಂಪು ಇದು: ಒಂದು ಪ್ರಕಾರದ ಆಟವನ್ನು ಮಾತ್ರ, ಆದರೆ ಬೇಗ ಮಾಡಿಕೊಡುವಂಥವು. ದೃಶ್ಯ ಕಾದಂಬರಿಗೆ ರೆನ್‌ಪೈ, ಇಬ್ಬರ ಕಾದಾಟದ ಆಟಕ್ಕೆ ಮ್ಯೂಜೆನ್, ಬೀದಿ ಹೊಡೆದಾಟಕ್ಕೆ ಓಪನ್‌ಬಿಒಆರ್, ಗುಂಡಿನ ಮಳೆಯ ತೌಹೌ ಆಟಗಳಿಗೆ ದನ್ಮಾಕುಫು, ಪಾತ್ರಾಭಿನಯದ ಆಟಕ್ಕೆ ಆರ್‌ಪಿಜಿ ಮೇಕರ್.

ಇವುಗಳ ಬಲ ಕಾಣಬೇಕಾದರೆ ಪೋಕೆಮಾನ್ ಮಾದರಿಯ ಆಟವೊಂದನ್ನು ಎಣಿಸಿ ನೋಡಿ. ಚೌಕದಿಂದ ಚೌಕಕ್ಕೆ ನಡೆಯುವ ಪಾತ್ರ, ಹುಲ್ಲಿನಲ್ಲಿ ಎದುರಾಗುವ ಜೀವಿಗಳು, ಸರದಿಯ ಕಾಳಗ, ನೂರಾರು ಪಟ್ಟುಗಳು, ವಿಕಾಸ, ಚೀಲ, ಅಂಗಡಿ, ಉಳಿಸುವ ವ್ಯವಸ್ಥೆ. ಕಾಳಗವೊಂದನ್ನೇ ಸರಿಯಾಗಿ ಬರೆಯಲು ತಿಂಗಳುಗಳು ಬೇಕು. ಆರ್‌ಪಿಜಿ ಮೇಕರ್ ಎಕ್ಸ್‌ಪಿ ಮೇಲೆ ಅಭಿಮಾನಿಗಳು ಕಟ್ಟಿದ ಪೋಕೆಮಾನ್ ಎಸೆನ್ಷಿಯಲ್ಸ್ ಇವೆಲ್ಲವನ್ನೂ ಮೊದಲ ದಿನವೇ ಕೈಗಿಡುತ್ತದೆ. 2016ರ ಆಗಸ್ಟ್‌ನಲ್ಲಿ ಹೊರಬಂದ ಪೋಕೆಮಾನ್ ಯುರೇನಿಯಂ ಈ ನೆಲದ ಮೇಲೆಯೇ ಬೆಳೆದದ್ದು. ಇಷ್ಟೆಲ್ಲ ಸಿದ್ಧವಿದ್ದೂ ಅದಕ್ಕೆ ಸುಮಾರು ಒಂಬತ್ತು ವರ್ಷ ಹಿಡಿಯಿತು. ಎಂಜಿನ್ ಕೈಯಲ್ಲಿದ್ದರೂ ನಕ್ಷೆ, ಚಿತ್ರ, ಸಮತೋಲನ, ಸಂಭಾಷಣೆಗಳು ಅಷ್ಟು ಕಾಲ ನುಂಗುತ್ತವೆ. ಇನ್ನು ಎಂಜಿನ್ನನ್ನೂ ತಾವೇ ಬರೆಯುತ್ತೇನೆನ್ನುವವರು ಈ ಒಂದು ಸಂಗತಿಯನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕು.

ಈಗ ಮಿತಿಗಳು. ಆರ್‌ಪಿಜಿ ಮೇಕರ್ ಎಕ್ಸ್‌ಪಿ 2004ರ ಉಪಕರಣ. ಸ್ಕ್ರಿಪ್ಟ್ ಭಾಷೆ ರೂಬಿ. ಪರದೆ 640 ಗುಣಿಸು 480. ರೂಢಿಯ ವೇಗ ಸೆಕೆಂಡಿಗೆ 40 ಫ್ರೇಮ್. ನಡೆಯುವುದು 32 ಪಿಕ್ಸೆಲ್ ಚೌಕಗಳ ಮೇಲೆ. ಚೌಕದ ಲೋಕಕ್ಕೆ ಇದು ಹೇಳಿ ಮಾಡಿಸಿದಂತಿದೆ. ಆದರೆ ಅದೇ ಉಪಕರಣದಲ್ಲಿ ಮೇಲೆ ಹೇಳಿದ ಸೋನಿಕ್‌ನ ಜಿಗಿತವನ್ನು ತರಹೊರಟರೆ ಪ್ರತಿ ಸಾಲಿನಲ್ಲೂ ಉಪಕರಣದ ಜೊತೆ ಗುದ್ದಾಡಬೇಕು. 40 ಫ್ರೇಮ್‌ನಲ್ಲಿ 60 ಫ್ರೇಮ್‌ನ ಸಂಖ್ಯೆಗಳು ಕೂರುವುದೇ ಇಲ್ಲ. ಚೌಕವನ್ನು ಮುರಿಯಲು ಪ್ಲಗಿನ್ (ಹೊರಗಿನಿಂದ ಸೇರಿಸುವ ಕೋಡ್) ಮೇಲೆ ಪ್ಲಗಿನ್ ಹೇರಿ, ಕೊನೆಗೆ ಯಾವ ಪ್ಲಗಿನ್ ಯಾವುದನ್ನು ಕೆಡಿಸಿತೆಂದು ತಿಳಿಯದೆ ಕೈಬಿಟ್ಟ ಯೋಜನೆಗಳು ಬಹಳ. ಹಿತ್ತಲ ಬಾಗಿಲಿಂದ ಒಳಬರುವ ಅಗತ್ಯ ಮೊದಲ ತಿಂಗಳಲ್ಲೇ ಕಂಡರೆ ಆ ಉಪಕರಣ ನಿಮ್ಮದಲ್ಲ ಎಂದು ತಿಳಿಯಿರಿ.

ಬಾಳಿಕೆಯ ಮಾತು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮ್ಯೂಜೆನ್ ಅನ್ನು ಎಲೆಕ್‌ಬೈಟ್ ತಂಡ 1999ರಲ್ಲಿ ಡಾಸ್ ಎಂಬ ಹಳೆಯ ಕಂಪ್ಯೂಟರ್ ವ್ಯವಸ್ಥೆಗಾಗಿ ಹೊರತಂದಿತು. ಅದರ ಮೂಲ ಕೋಡ್ ಮುಕ್ತವಲ್ಲ. ತಂಡ ನಡುವೆ ವರ್ಷಗಟ್ಟಲೆ ಮೌನವಾದಾಗ ಅದನ್ನು ನಂಬಿದ ಸಾವಿರಾರು ಪಾತ್ರಗಳು ಹಳೆಯ ಆವೃತ್ತಿಗೇ ಅಂಟಿಕೊಂಡಿದ್ದವು. ಕೊನೆಗೆ ಅಭಿಮಾನಿಗಳೇ ಗೋ ಭಾಷೆಯಲ್ಲಿ ಇಕೆಮೆನ್ ಗೋ ಎಂಬ ಮುಕ್ತ ಎಂಜಿನ್ ಬರೆದರು. ಮ್ಯೂಜೆನ್‌ಗೆಂದು ಮಾಡಿದ ಪಾತ್ರಗಳನ್ನು ಅದು ಓದುತ್ತದೆ. ಆರ್‌ಪಿಜಿ ಮೇಕರ್ ಎಕ್ಸ್‌ಪಿಗೂ ಹಾಗೆಯೇ ಎಂಕೆಎಕ್ಸ್‌ಪಿ ಎಂಬ ಮುಕ್ತ ಬದಲಿ ಹುಟ್ಟಿ, ವಿಂಡೋಸ್‌ಗೆ ಕಟ್ಟಿಹಾಕಿದ್ದ ಆಟಗಳು ಲಿನಕ್ಸ್, ಮ್ಯಾಕ್‌ಗಳಲ್ಲೂ ಓಡುವಂತಾಯಿತು. ಆದ್ದರಿಂದ ಈ ಗುಂಪಿನಿಂದ ಆರಿಸುವಾಗ ನಾನು ನೋಡುವುದು ಕಂಪನಿಯ ಗಾತ್ರವನ್ನಲ್ಲ, ಬಳಸುವವರ ಗುಂಪು ಎಷ್ಟು ಗಟ್ಟಿ ಎಂಬುದನ್ನು. ಮೂಲ ಕೈಬಿಟ್ಟರೂ ಎತ್ತಿಕೊಳ್ಳುವವರು ಇದ್ದಾರೆಯೇ?

ರೆನ್‌ಪೈ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ನಿಮ್ಮ ಫ್ಯಾನ್ ಗೇಮ್ ಪಾತ್ರಗಳ ಮಾತು ಮತ್ತು ಆಯ್ಕೆಗಳಿಂದ ಆದದ್ದಾದರೆ ಬೇರೆ ಕಡೆ ನೋಡಬೇಡಿ. 2004ರಿಂದ ನಿಂತಿರುವ ಮುಕ್ತ ಉಪಕರಣ, ಪೈಥಾನ್ ಮೇಲೆ ಕಟ್ಟಿದ್ದು, ಕಂಪ್ಯೂಟರ್, ಮೊಬೈಲ್ ಎರಡರಲ್ಲೂ ಓಡುತ್ತದೆ.

ಸಾಮಾನ್ಯ ಎಂಜಿನ್‌ಗಳು

ಗೊಡಾಟ್, ಗೇಮ್‌ಮೇಕರ್, ಯೂನಿಟಿ, ಅನ್‌ರಿಯಲ್, ಕ್ಲಿಕ್‌ಟೀಮ್ ಫ್ಯೂಷನ್ ಇವೆಲ್ಲ ಇಲ್ಲಿ ಬರುತ್ತವೆ. ಇವು ಯಾವ ಆಟವನ್ನೂ ಸಿದ್ಧ ಕೊಡುವುದಿಲ್ಲ. ಚಿತ್ರ ಬಿಡಿಸುವುದು, ಸದ್ದು, ಗುಂಡಿ ಓದುವುದು, ನಕ್ಷೆ, ಬೇರೆ ಬೇರೆ ಸಾಧನಗಳಿಗೆ ಆಟವನ್ನು ಕಟ್ಟಿಕೊಡುವುದು ಇಷ್ಟನ್ನು ವಹಿಸಿಕೊಳ್ಳುತ್ತವೆ. ಆಟದ ನಿಯಮ ನಿಮ್ಮದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು, ಈ ಇಡೀ ಬರಹಕ್ಕೆ ಅದೇ ಕಾರಣ. "ಗೊಡಾಟ್‌ನಲ್ಲಿ ಸೋನಿಕ್‌ನ ಓಟ ಬರುವುದಿಲ್ಲ, ಆದ್ದರಿಂದ ಸ್ವಂತ ಎಂಜಿನ್ ಬೇಕು" ಎನ್ನುವವರು ಸಿಗುತ್ತಾರೆ. ಅವರು ಪ್ರಯತ್ನಿಸಿದ್ದು ಎಂಜಿನ್ನಿನ ಸಿದ್ಧ ಭೌತಶಾಸ್ತ್ರವನ್ನು: ದ್ರವ್ಯರಾಶಿ, ಘರ್ಷಣೆ, ಪುಟಿತ ಇತ್ಯಾದಿ. ಅದು ಉರುಳುವ ಡಬ್ಬಗಳಿಗಾಗಿ ಮಾಡಿದ್ದು. ಮೂಲ ಆಟದಲ್ಲಿ ಅಂಥ ಭೌತಶಾಸ್ತ್ರವೇ ಇರಲಿಲ್ಲ. ಅಲ್ಲಿದ್ದದ್ದು ಕಾಲಿನ ಬಳಿ ಎರಡು ಶೋಧಕ ಗೆರೆಗಳು, ಅವು ಮುಟ್ಟಿದ ನೆಲದ ಕೋನ, ಆ ಕೋನದ ಉದ್ದಕ್ಕೂ ಸಾಗುವ ಒಂದು ವೇಗದ ಸಂಖ್ಯೆ. ಪಾತ್ರ ಸುರುಳಿಯನ್ನು ಏರುವಾಗ ಆ ಗೆರೆಗಳೂ ಜೊತೆಗೆ ತಿರುಗುತ್ತವೆ. ನೆಲ ಗೋಡೆಯಾಗುತ್ತದೆ, ಗೋಡೆ ಚಾವಣಿಯಾಗುತ್ತದೆ. ಇದನ್ನು ಗೊಡಾಟ್‌ನಲ್ಲೂ ಬರೆಯಬಹುದು, ಗೇಮ್‌ಮೇಕರ್‌ನಲ್ಲೂ ಬರೆಯಬಹುದು. ಸಿದ್ಧ ಭೌತಶಾಸ್ತ್ರವನ್ನು ಬದಿಗಿಟ್ಟು ಕೆಲವು ನೂರು ಸಾಲುಗಳನ್ನು ನಿಮ್ಮ ಕೈಯಿಂದ ಬರೆಯಬೇಕು, ಅಷ್ಟೇ. ಚಲನೆಯನ್ನು ಸ್ವಂತವಾಗಿ ಬರೆಯುವುದು ಬೇರೆ, ಎಂಜಿನ್ ಬರೆಯುವುದು ಬೇರೆ. ಸ್ವಂತ ಎಂಜಿನ್ ಬೇಕೆಂದುಕೊಂಡ ಹೆಚ್ಚಿನವರಿಗೆ ನಿಜವಾಗಿ ಬೇಕಿರುವುದು ಮೊದಲನೆಯದು.

ಇದಕ್ಕೆ ಸಾಕ್ಷಿಗಳಿವೆ. ಎಎಂಟುಆರ್ ಎಂದು ಹೆಸರಾದ ಮೆಟ್ರಾಯ್ಡ್ 2ರ ಅಭಿಮಾನಿ ಮರುಸೃಷ್ಟಿ ಗೇಮ್‌ಮೇಕರ್‌ನಲ್ಲಿ ಆದದ್ದು. ಮಿಲ್ಟನ್ ಗುವಾಸ್ತಿ ಅದಕ್ಕೆ ಸುಮಾರು ಹತ್ತು ವರ್ಷ ದುಡಿದು 2016ರಲ್ಲಿ ಬಿಡುಗಡೆ ಮಾಡಿದರು. ಅದರ ಚಲನೆಯ ನಯವನ್ನು ಮೆಚ್ಚದವರಿಲ್ಲ. ಸೋನಿಕ್ ಫ್ಯಾನ್ ಗೇಮ್ ಆಗಿ ಆರಂಭವಾಗಿ ತನ್ನದೇ ಪಾತ್ರಗಳೊಂದಿಗೆ 2014ರಲ್ಲಿ ಸ್ವತಂತ್ರ ಆಟವಾಗಿ ಬಂದ ಫ್ರೀಡಮ್ ಪ್ಲಾನೆಟ್, ಕ್ಲಿಕ್‌ಟೀಮ್‌ನ ಮಲ್ಟಿಮೀಡಿಯಾ ಫ್ಯೂಷನ್ 2ರಲ್ಲಿ ಹುಟ್ಟಿತು. ಈ ಎರಡೂ ವೇಗ, ನಿಖರತೆಗಳ ಆಟಗಳು. ಎರಡಕ್ಕೂ ಸಿದ್ಧ ಎಂಜಿನ್ ಅಡ್ಡಿಯಾಗಲಿಲ್ಲ.

ಇವುಗಳೊಳಗೆ ಯಾವುದು? ಎರಡು ಆಯಾಮದ ಫ್ಯಾನ್ ಗೇಮ್‌ಗೆ ನನ್ನ ಮೊದಲ ಒಲವು ಗೊಡಾಟ್. 2014ರಲ್ಲಿ ಮುಕ್ತವಾದ ಇದರ ಕೋಡ್ ಯಾರೂ ಹಿಂತೆಗೆದುಕೊಳ್ಳಲಾರರು. ಯೂನಿಟಿ ಒಳ್ಳೆಯ ಎಂಜಿನ್, ಕಲಿಕೆಯ ಸಾಮಗ್ರಿ ಹೇರಳ. ಆದರೆ 2023ರ ಸೆಪ್ಟೆಂಬರ್‌ನಲ್ಲಿ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕವೆಂದು ಘೋಷಿಸಿ, ಒಂದು ವರ್ಷದ ಬಳಿಕ ಅದನ್ನು ರದ್ದು ಮಾಡಿದ್ದನ್ನು ಮರೆಯಲಾಗದು. ಆ ಶುಲ್ಕ ಚಿಕ್ಕವರನ್ನು ಮುಟ್ಟುತ್ತಿರಲಿಲ್ಲ ನಿಜ. ಒಪ್ಪಂದದ ನೆಲ ರಾತ್ರೋರಾತ್ರಿ ಸರಿಯಬಹುದೆಂಬುದು ಮಾತ್ರ ಎಲ್ಲರಿಗೂ ಕಂಡಿತು. ಮೂರು ಆಯಾಮದ, ಭಾರೀ ದೃಶ್ಯಗಳ ಆಟಕ್ಕೆ ಅನ್‌ರಿಯಲ್ ಮೇಲುಗೈ. ಆದರೆ ಅದಕ್ಕೆ ತಕ್ಕ ಚಿತ್ರಕಾರರ ತಂಡ ಇಲ್ಲದಿದ್ದರೆ ಆ ಬಲವೆಲ್ಲ ಖಾಲಿ ಬಯಲಿನಲ್ಲಿ ಉಳಿಯುತ್ತದೆ. ಗೇಮ್‌ಮೇಕರ್ ಹೊಸಬರ ಕೈಗೆ ಬೇಗ ಒಗ್ಗುತ್ತದೆ. ಅಂಡರ್‌ಟೇಲ್ ಆಗಿದ್ದು ಅದರಲ್ಲೇ, ಆದ್ದರಿಂದ ಆ ಆಟದ ಅಭಿಮಾನಿಗಳಿಗೆ ಅದು ಸಹಜ ಆಯ್ಕೆ.

ಲಿಪಿಯ ಮಾತೊಂದನ್ನು ಇಲ್ಲೇ ಸೇರಿಸುತ್ತೇನೆ. ಆಟದ ಸಂಭಾಷಣೆ ಕನ್ನಡದಲ್ಲಿರಬೇಕೆಂದಿದ್ದರೆ ಮೊದಲ ದಿನವೇ "ಸ್ವಾತಂತ್ರ್ಯ" ಎಂಬ ಪದವನ್ನು ಪರದೆಯ ಮೇಲೆ ಬರೆಸಿ ನೋಡಿ. ಒತ್ತಕ್ಷರಗಳನ್ನು ಸರಿಯಾಗಿ ಕೂರಿಸಲು ಹಾರ್ಫ್‌ಬಝ್‌ನಂಥ ವ್ಯವಸ್ಥೆ ಎಂಜಿನ್ನಿನೊಳಗೆ ಇರಬೇಕು. ಗೊಡಾಟ್‌ಗೆ ಇದು ಬಂದದ್ದು 2023ರಲ್ಲಿ ಹೊರಬಂದ ನಾಲ್ಕನೆಯ ಆವೃತ್ತಿಯಲ್ಲಿ. ಮೂರನೆಯದರಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಆಟ ಅರ್ಧ ಆದ ಮೇಲೆ ಈ ಕೊರತೆ ಕಂಡರೆ ಸರಿಪಡಿಸುವುದು ಬಲು ಕಷ್ಟ.

ಮೂಲ ಆಟದ ಎಂಜಿನ್ನಿನಲ್ಲೇ

ಈ ದಾರಿಯನ್ನು ಜನ ಮರೆಯುತ್ತಾರೆ. ಬೆರಳಿನ ಅನುಭವವೇ ಮುಖ್ಯವಾದರೆ ಅದನ್ನು ಮರಳಿ ಬರೆಯುವುದೇಕೆ, ಮೂಲವನ್ನೇ ಬಳಸಬಹುದಲ್ಲ? ಡೂಮ್ ಎಂಬ ಹಳೆಯ ಶೂಟಿಂಗ್ ಆಟದ ಮೂಲ ಕೋಡ್ 1997ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಗಿ, 1999ರಲ್ಲಿ ಜಿಪಿಎಲ್ ಎಂಬ ಮುಕ್ತ ಪರವಾನಗಿ ಪಡೆಯಿತು. ಅದರ ಕೂಸುಗಳ ಮೇಲೆ ಇಂದಿಗೂ ಆಟಗಳು ಹುಟ್ಟುತ್ತಿವೆ. ಸೋನಿಕ್ ರೋಬೋ ಬ್ಲಾಸ್ಟ್ 2 ಎಂಬ ಮೂರು ಆಯಾಮದ ಸೋನಿಕ್ ಫ್ಯಾನ್ ಗೇಮ್ ನಿಂತಿರುವುದು ಡೂಮ್ ಎಂಜಿನ್ನಿನ ಮೇಲೆ ಎಂದರೆ ನೋಡಿದವರು ನಂಬುವುದಿಲ್ಲ. ಹಾಫ್-ಲೈಫ್‌ನ ಅಭಿಮಾನಿ ಮರುಸೃಷ್ಟಿಯಾದ ಬ್ಲ್ಯಾಕ್ ಮೆಸಾ, ವಾಲ್ವ್‌ನದೇ ಸೋರ್ಸ್ ಎಂಜಿನ್‌ನಲ್ಲಿ 2012ರಲ್ಲಿ ಉಚಿತ ಮಾಡ್ (ಇರುವ ಆಟವನ್ನು ಅಭಿಮಾನಿಗಳು ಮಾರ್ಪಡಿಸಿದ ರೂಪ) ಆಗಿ ಬಂದು, ಕಂಪನಿಯ ಒಪ್ಪಿಗೆಯೊಂದಿಗೆ ಮಾರಾಟದ ಆಟವಾಗಿ 2020ರಲ್ಲಿ ಪೂರ್ಣಗೊಂಡಿತು.

ಹಳೆಯ ಕನ್ಸೋಲ್ ಆಟಗಳಲ್ಲಿ ಇದರ ರೂಪ ರಾಮ್ ಹ್ಯಾಕ್, ಅಂದರೆ ಮೂಲ ಆಟದ ಕಡತವನ್ನೇ ತಿದ್ದುವುದು. ಮೂಲದ ಓಟ, ಜಿಗಿತ, ಸದ್ದು ಎಲ್ಲವೂ ಇದ್ದಂತೆಯೇ ಸಿಗುತ್ತದೆ. ಹಂಚುವಾಗ ಮೂಲ ಆಟದ ಕಡತವನ್ನು ಕೊಡದೆ ಬದಲಾವಣೆಗಳ ಪ್ಯಾಚ್ ಮಾತ್ರ ಕೊಡುವುದು ರೂಢಿ. ಬೆಲೆ ಏನೆಂದರೆ, ಹಳೆಯ ಯಂತ್ರದ ಎಲ್ಲ ಕಟ್ಟುಪಾಡುಗಳೂ ನಿಮ್ಮವಾಗುತ್ತವೆ. ಬಣ್ಣಗಳ ಸಂಖ್ಯೆ, ಸ್ಮರಣೆಯ ಗಾತ್ರ, ಒಮ್ಮೆಗೆ ಕಾಣಬಹುದಾದ ಸ್ಪ್ರೈಟ್‌ಗಳು (ಚಲಿಸುವ ಚಿತ್ರಗಳು) ಎಲ್ಲಕ್ಕೂ ಮಿತಿ. ಮೂಲ ಆಟಕ್ಕೆ ಇನ್ನಷ್ಟು ಹಂತಗಳು ಸಾಕೆನ್ನುವವರಿಗೆ ಇದಕ್ಕಿಂತ ನೇರ ದಾರಿಯಿಲ್ಲ. ಹೊಸ ಬಗೆಯ ಆಟವೊಂದನ್ನು ಕನಸುವವರಿಗೆ ಇದು ಇಕ್ಕಟ್ಟು.

ಸ್ವಂತ ಎಂಜಿನ್

ಒಮ್ಮೆ ನಾನೂ ಬರೆದೆ. ಒಂಬತ್ತು ತಿಂಗಳ ಸಂಜೆಗಳು ಅದಕ್ಕೆ ಹೋದವು. ಕಿಟಕಿ ತೆರೆಯಿತು, ಗುಂಡಿಗಳು ಓದಿಸಿಕೊಂಡವು, ನಕ್ಷೆಯ ಚಿತ್ರಚೌಕಗಳಾದ ಟೈಲ್‌ಗಳು ಪರದೆಗೆ ಬಂದವು, ಪಾತ್ರ ಓಡಿತು. ಆ ಓಟ ಮೊದಲ ಸಲ ಮೂಲದಂತೆಯೇ ಕಂಡ ರಾತ್ರಿಯ ಸಂತೋಷವನ್ನು ಇಂದಿಗೂ ನೆನೆಯುತ್ತೇನೆ. ಆಮೇಲೆ ನಕ್ಷೆ ಹಾಕಲು ಎಡಿಟರ್ ಬೇಕಾಯಿತು. ಅದನ್ನೂ ಬರೆದೆ. ಹಂತಗಳನ್ನು ರೂಪಿಸಲು ಒಪ್ಪಿದ್ದ ಗೆಳತಿಗೆ ಕೊಟ್ಟೆ. ಆಕೆ ಎರಡು ಗಂಟೆ ಕುಳಿತು ಸುಂದರವಾದ ಗುಹೆಯೊಂದನ್ನು ಹಾಕಿದಳು. ಅಂಚಿನ ಒಂದು ಟೈಲ್ ಬದಲಿಸಹೋಗಿ ತಪ್ಪು ಕಡೆ ಕ್ಲಿಕ್ ಮಾಡಿದಾಗ ಇಡೀ ಪದರ ಅಳಿಸಿಹೋಯಿತು. ಹಿಂದಿನ ಹೆಜ್ಜೆಗೆ ಮರಳುವ ಗುಂಡಿಯನ್ನು ನಾನು ಇನ್ನೂ ಬರೆದಿರಲಿಲ್ಲ. ಆಕೆ ಏನೂ ಅನ್ನಲಿಲ್ಲ, ಮತ್ತೆ ಆ ಎಡಿಟರ್ ತೆರೆಯಲೂ ಇಲ್ಲ. ಸಿದ್ಧ ಎಂಜಿನ್ನಿನಲ್ಲಿ ಕಣ್ಣಿಗೇ ಬೀಳದ ಅಂಥ ನೂರು ಸಣ್ಣ ಸೌಕರ್ಯಗಳಿವೆ. ಆಟ ಪೂರ್ಣವಾಗುವುದು ಅವುಗಳಿಂದ.

ಹಾಗೆಂದು ಸ್ವಂತ ಎಂಜಿನ್ ಹುಚ್ಚುತನ ಎಂದು ನಾನು ಹೇಳಲಾರೆ. ಕ್ರಿಶ್ಚಿಯನ್ ವೈಟ್‌ಹೆಡ್ ತಮ್ಮ ರೆಟ್ರೋ ಸೋನಿಕ್ ಎಂಬ ಫ್ಯಾನ್ ಗೇಮ್‌ಗಾಗಿ ಕಟ್ಟತೊಡಗಿದ ಕೆಲಸವೇ ರೆಟ್ರೋ ಎಂಜಿನ್ ಆಗಿ ಬೆಳೆದು, 2011ರ ಸೋನಿಕ್ ಸಿಡಿ ಮರುಬಿಡುಗಡೆಗೂ 2017ರ ಸೋನಿಕ್ ಮೇನಿಯಾಗೂ ಆಧಾರವಾಯಿತು. ಸೆಗಾ ಸ್ವತಃ ಅದನ್ನು ಒಪ್ಪಿಕೊಂಡಿತು. ಆದರೆ ಅವರ ಗುರಿಯನ್ನು ಗಮನಿಸಿ: ಮೂಲ ಯಂತ್ರದ ವರ್ತನೆಯನ್ನು ಹೊಸ ಸಾಧನಗಳ ಮೇಲೆ ನಿಖರವಾಗಿ, ವೇಗವಾಗಿ ತರುವುದು. ಎಂಜಿನ್ನೇ ಅವರ ಆಸಕ್ತಿಯ ತಿರುಳಾಗಿತ್ತು.

ನನಗೆ ಇನ್ನೂ ಹೆಚ್ಚು ಕಲಿಸಿದ ಉದಾಹರಣೆ ಸೋಲಾರಸ್. ಜೆಲ್ಡಾ ಅಭಿಮಾನಿಗಳ ತಂಡವೊಂದು 2002ರಲ್ಲಿ ಮಿಸ್ಟರಿ ಆಫ್ ಸೋಲಾರಸ್ ಎಂಬ ಆಟವನ್ನು ಆರ್‌ಪಿಜಿ ಮೇಕರ್ 2000ದಲ್ಲಿ ಪೂರ್ತಿ ಮಾಡಿ ಬಿಡುಗಡೆ ಮಾಡಿತು. ಕತ್ತಿ ಬೀಸುವ, ಓಡುತ್ತಾ ತಪ್ಪಿಸಿಕೊಳ್ಳುವ ಆಟಕ್ಕೆ ಆ ಉಪಕರಣ ಒಗ್ಗುವುದಲ್ಲ. ಆಟ ಮುಗಿದ ಮೇಲೆ ಅದೇ ಆಟವನ್ನು ಮತ್ತೆ ಮಾಡಲು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಎಂಜಿನ್ ಬರೆದು 2011ರಲ್ಲಿ ಹೊಸ ಆವೃತ್ತಿ ತಂದರು. ಆ ಎಂಜಿನ್ ಈಗ ಜಿಪಿಎಲ್ ಅಡಿ ಮುಕ್ತವಾಗಿದೆ. ಲುವಾ ಎಂಬ ಸ್ಕ್ರಿಪ್ಟ್ ಭಾಷೆಯಿಂದ ಯಾರು ಬೇಕಾದರೂ ಅದರಲ್ಲಿ ಜೆಲ್ಡಾ ಮಾದರಿಯ ಆಟ ಮಾಡಬಹುದು. ಕ್ರಮವನ್ನು ನೋಡಿ. ಮೊದಲು ಆಟ, ಆಮೇಲೆ ಎಂಜಿನ್. ಒಂದು ಆಟವನ್ನು ಕೊನೆಮುಟ್ಟಿಸಿದವರಿಗೆ ಎಂಜಿನ್ನಿನಲ್ಲಿ ಏನಿರಬೇಕು, ಏನು ಬೇಡ ಎಂಬುದು ಸ್ಪಷ್ಟವಾಗಿರುತ್ತದೆ. ನನ್ನ ಒಂಬತ್ತು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಮುಂದೆಂದಾದರೂ ಬೇಕಾದೀತೆಂದು ಬರೆದ ಭಾಗಗಳಿಗೆ.

ಬರೆಯಲೇಬೇಕೆಂದರೆ ಶೂನ್ಯದಿಂದ ಆರಂಭಿಸಬೇಡಿ. ಎಸ್‌ಡಿಎಲ್, ರೇಲಿಬ್, ಮೋನೋಗೇಮ್, ಲವ್ ಎಂಬ ಸಿದ್ಧ ಕೋಡ್ ಸಂಗ್ರಹಗಳು ಕಿಟಕಿ, ಸದ್ದು, ಗುಂಡಿಗಳ ಒರಟು ಕೆಲಸವನ್ನು ಹೊತ್ತುಕೊಳ್ಳುತ್ತವೆ. ಆಟದ ಲೂಪ್, ಚಲನೆ, ವಸ್ತುಗಳ ವ್ಯವಸ್ಥೆ ನಿಮ್ಮ ಕೈಯಲ್ಲೇ ಉಳಿಯುತ್ತದೆ. ನಕ್ಷೆಗೆ ಟೈಲ್ಡ್ ಎಂಬ ಮುಕ್ತ ಎಡಿಟರ್ ಇದೆ, ಅದರ ಕಡತವನ್ನು ಓದಿಸಿಕೊಂಡರೆ ಸ್ವಂತ ಎಡಿಟರ್ ಬೇಕಿಲ್ಲ. ನನ್ನ ಗೆಳತಿಯ ಗುಹೆ ಉಳಿಯುತ್ತಿತ್ತು. ಕೋಡ್ ಬರೆಯಬಲ್ಲ ಒಬ್ಬರೇ ಇದ್ದು, ಆಟ ಚಿಕ್ಕದಾಗಿದ್ದು, ಒಳಗಿನ ಯಂತ್ರವನ್ನು ತಿಳಿಯುವ ಹಸಿವು ಇದ್ದರೆ ಈ ನಡುದಾರಿ ಬಹಳ ತೃಪ್ತಿ ಕೊಡುತ್ತದೆ.

ಹಕ್ಕಿನ ಪ್ರಶ್ನೆ ಆಯ್ಕೆಯನ್ನು ಹೇಗೆ ಮುಟ್ಟುತ್ತದೆ

ಎಂಜಿನ್ ನಿಮ್ಮದಾದ ಮಾತ್ರಕ್ಕೆ ಪಾತ್ರಗಳು ನಿಮ್ಮವಾಗುವುದಿಲ್ಲ. ಉಚಿತವಾಗಿ ಹಂಚಿದರೂ ಹಕ್ಕುದಾರರು ತಡೆಯಬಹುದು. ಸ್ಟ್ರೀಟ್ಸ್ ಆಫ್ ರೇಜ್ ರೀಮೇಕ್ ಎಂಟು ವರ್ಷದ ದುಡಿಮೆಯ ಬಳಿಕ 2011ರಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ಸೆಗಾದ ಕೋರಿಕೆಯಂತೆ ಹಿಂದೆ ಸರಿಯಿತು. ಎಎಂಟುಆರ್, ಯುರೇನಿಯಂ ಎರಡರ ಹಂಚಿಕೆಯೂ 2016ರಲ್ಲಿ ನಿಂತಿತು. ಇದರ ಎದುರು, ಕ್ಯಾಪ್‌ಕಾಮ್ 2012ರಲ್ಲಿ ಅಭಿಮಾನಿಯೊಬ್ಬರ ಸ್ಟ್ರೀಟ್ ಫೈಟರ್ ಎಕ್ಸ್ ಮೆಗಾ ಮ್ಯಾನ್ ಆಟವನ್ನು ತಾನೇ ಉಚಿತವಾಗಿ ಹೊರತಂದಿತು. ತೌಹೌ ಸೃಷ್ಟಿಕರ್ತರು ಅಭಿಮಾನಿ ಕೃತಿಗಳಿಗೆ ಲಿಖಿತ ನಿಯಮಗಳನ್ನೇ ಕೊಟ್ಟಿದ್ದಾರೆ. ನೀವು ಪ್ರೀತಿಸುವ ಆಟದ ಒಡೆಯರ ನಿಲುವೇನೆಂದು ಮೊದಲೇ ಓದಿಕೊಳ್ಳಿ.

ಉಪಕರಣವೂ ಈ ಬಿರುಗಾಳಿಗೆ ಸಿಗಬಹುದು. ಪೋಕೆಮಾನ್ ಎಸೆನ್ಷಿಯಲ್ಸ್‌ನ ಅಧಿಕೃತ ತಾಣ 2018ರಲ್ಲಿ ಕೃತಿಸ್ವಾಮ್ಯದ ದೂರಿನಿಂದ ಮುಚ್ಚಿತು. ಒಂದು ಫ್ರಾಂಚೈಸ್‌ಗೆಂದೇ ಕಟ್ಟಿದ ಕಿಟ್ ಎಷ್ಟು ಬೇಗ ಕೆಲಸ ಮಾಡಿಕೊಡುತ್ತದೋ ಅಷ್ಟೇ ಈ ಅಪಾಯಕ್ಕೆ ಹತ್ತಿರ. ಗೊಡಾಟ್‌ನಂಥ ಸಾಮಾನ್ಯ ಎಂಜಿನ್ನಿಗೆ ಈ ಭಯವಿಲ್ಲ.

ಇದರಿಂದ ಒಂದು ಅಭ್ಯಾಸ ಬೆಳೆಸಿಕೊಳ್ಳಿ: ಪಾತ್ರದ ಹೆಸರು, ಚಿತ್ರ, ಸಂಗೀತ, ಸಂಭಾಷಣೆಗಳನ್ನು ಕೋಡ್‌ನೊಳಗೆ ಹುದುಗಿಸದೆ ಬೇರೆ ಕಡತಗಳಲ್ಲಿಡಿ. ಫ್ರೀಡಮ್ ಪ್ಲಾನೆಟ್‌ನಂತೆ ಎಂದಾದರೂ ನಿಮ್ಮದೇ ಪಾತ್ರಗಳಿಗೆ ತಿರುಗಬೇಕಾದರೆ ಆಟದ ಎಲುಬು ಉಳಿಯುತ್ತದೆ. ನೀವು ನಿಲ್ಲಿಸಿದ ಮೇಲೂ ಆಟ ಬದುಕಬೇಕೆಂದರೆ ಬೇರೆಯವರಿಗೆ ಪರಿಚಯವಿರುವ ಉಪಕರಣ ಒಳ್ಳೆಯದು. ಎಎಂಟುಆರ್ ನಿಂತ ಮೇಲೆ ಅಭಿಮಾನಿಗಳೇ ಅದರ ಕೋಡ್ ಮರಳಿ ಪಡೆದು ಸಮುದಾಯ ಆವೃತ್ತಿಗಳನ್ನು ಹೊರತಂದದ್ದು ಅದು ಗೇಮ್‌ಮೇಕರ್‌ನಲ್ಲಿ ಇದ್ದುದರಿಂದ ಸುಲಭವಾಯಿತು. ಒಬ್ಬರ ತಲೆಯೊಳಗಷ್ಟೇ ಇದ್ದ ಎಂಜಿನ್ ಆಗಿದ್ದರೆ ಅಷ್ಟು ಕೈಗಳು ಸೇರುತ್ತಿರಲಿಲ್ಲ.

ನಿಮ್ಮ ಸ್ಥಿತಿಗೆ ಯಾವುದು?

ಕೋಡ್ ಬರದು, ಕಥೆ ತಲೆತುಂಬ ಇದೆ, ವಾರಕ್ಕೆ ನಾಲ್ಕೈದು ಗಂಟೆ ಸಿಗುತ್ತದೆ ಎನ್ನುವವರು ಪ್ರಕಾರಕ್ಕೆ ಮೀಸಲಾದ ಉಪಕರಣವನ್ನು ಹಿಡಿಯಿರಿ, ಅದರ ಮಿತಿಗಳಿಗೆ ಕಥೆಯನ್ನು ಒಗ್ಗಿಸಿ. ಸ್ವಲ್ಪ ಕೋಡ್ ಬರುತ್ತದೆ, ಚಲನೆಯೇ ಆಟದ ಜೀವ, ಇಬ್ಬರು ಮೂವರು ಜೊತೆಗಿದ್ದಾರೆ ಎಂದರೆ ಗೊಡಾಟ್ ಅಥವಾ ಗೇಮ್‌ಮೇಕರ್ ಆರಿಸಿ, ಚಲನೆಯನ್ನು ಮಾತ್ರ ನಿಮ್ಮ ಕೈಯಿಂದ ಬರೆಯಿರಿ. ಮೂಲ ಆಟವೇ ಇನ್ನಷ್ಟು ಬೇಕೆಂದರೆ ಮಾಡ್ ಅಥವಾ ಹ್ಯಾಕ್. ಈಗಾಗಲೇ ಒಂದು ಆಟ ಮುಗಿಸಿದ್ದೀರಿ, ಉಪಕರಣ ಎಲ್ಲಿ ಅಡ್ಡ ಬಂತೆಂದು ಬೆರಳಿಟ್ಟು ತೋರಿಸಬಲ್ಲಿರಿ ಎಂದರೆ ಸ್ವಂತ ಎಂಜಿನ್ನಿಗೆ ಕೈಹಾಕಲು ನಿಮಗಿಂತ ಅರ್ಹರಿಲ್ಲ.

ಎರಡರ ನಡುವೆ ಇನ್ನೂ ತೂಗಾಡುತ್ತಿದ್ದರೆ ಓದುವುದನ್ನು ನಿಲ್ಲಿಸಿ ಎರಡರಲ್ಲೂ ಒಂದೇ ಕೋಣೆಯನ್ನು ಮಾಡಿ, ಒಂದೊಂದಕ್ಕೆ ಒಂದು ವಾರ. ಆ ಕೋಣೆಯಲ್ಲಿ ನಿಮ್ಮ ಪಾತ್ರ ಓಡಬೇಕು, ಒಂದು ಇಳಿಜಾರು ಇರಬೇಕು, ಒಬ್ಬ ಶತ್ರು ಹೊಡೆಯಬೇಕು, ಒಂದು ಬಾಗಿಲು ಮುಂದಿನ ಕೋಣೆಗೆ ತೆರೆಯಬೇಕು, ಮೂರು ಸಾಲಿನ ಮಾತು ಪರದೆಯ ಮೇಲೆ ಬರಬೇಕು, ಆಟ ಉಳಿಸಿ ಮತ್ತೆ ತೆರೆದರೆ ಅಲ್ಲಿಂದಲೇ ಆರಂಭವಾಗಬೇಕು. ಚಿತ್ರಗಳಿಗೆ ಬಣ್ಣದ ಚೌಕಗಳು ಸಾಕು. ಎರಡು ವಾರದ ಕೊನೆಗೆ ಮೂಲ ಆಟವನ್ನು ಚೆನ್ನಾಗಿ ಬಲ್ಲ ಗೆಳೆಯರ ಕೈಗೆ ಎರಡನ್ನೂ ಕೊಡಿ, ಪಕ್ಕದಲ್ಲಿ ಕುಳಿತು ಅವರ ಹೆಬ್ಬೆರಳನ್ನು ನೋಡಿ. ಜಿಗಿಯುವ ಗುಂಡಿಯನ್ನು ಅವರು ಯಾವುದರಲ್ಲಿ ಸುಮ್ಮನೆ, ಕಾರಣವಿಲ್ಲದೆ ಮತ್ತೆ ಮತ್ತೆ ಒತ್ತುತ್ತಾರೋ ಆ ಕಡತವನ್ನು ಇಟ್ಟುಕೊಂಡು ಎರಡನೆಯ ಕೋಣೆಯನ್ನು ಶುರುಮಾಡಿ.